ಗ್ರಾಫೀನ್ ಬೆರೆತ ಕಾರ್ಬನ್ ಫೈಬರ್: ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ವಾಹನದ ತೂಕ ಇಳಿದಷ್ಟೂ ಇಂಧನದ ವೆಚ್ಚ ಇಳಿಯುತ್ತದೆ. ವಿದ್ಯುತ್ ವಾಹನವಾದರೆ ಒಂದೇ ಚಾರ್ಜಿನಲ್ಲಿ ಹೆಚ್ಚು ದೂರ ಕ್ರಮಿಸುತ್ತದೆ. ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.8 ಗ್ರಾಂ ತೂಗಿದರೆ, ಅಷ್ಟೇ ಗಾತ್ರದ ಕಾರ್ಬನ್ ಫೈಬರ್ ಕಾಂಪೋಸಿಟ್ ಸುಮಾರು 1.6 ಗ್ರಾಂ ಮಾತ್ರ ತೂಗುತ್ತದೆ. ಈ ವಸ್ತುವಿಗೆ ಗ್ರಾಫೀನ್ ಬೆರೆಸಿ ಇನ್ನಷ್ಟು ಬಲಪಡಿಸುವ ವಿಧಾನವೂ ಈಗ ಬಳಕೆಗೆ ಬಂದಿದೆ.

ಕಾಂಪೋಸಿಟ್‌ನಲ್ಲಿ ಎಳೆತವನ್ನು ತಾಳುವುದು ನಾರು. ನಾರುಗಳನ್ನು ಬಂಧಿಸಿಡುವುದು ಎಪಾಕ್ಸಿ ರಾಳ. ಒಂದರ ಮೇಲೊಂದು ಹಾಸಿದ ಪದರಗಳ ನಡುವೆ ಇರುವುದು ರಾಳ ಮಾತ್ರ. ಪೆಟ್ಟು ಬಿದ್ದಾಗ ಬಿರುಕು ಅಲ್ಲಿಯೇ ಹುಟ್ಟಿ, ಹೊರಗೆ ಕಾಣದಂತೆ ಹರಡಿ, ಪದರಗಳು ಬಿಟ್ಟುಕೊಳ್ಳುತ್ತವೆ. ಗ್ರಾಫೀನ್‌ನ ಕೆಲಸವಿರುವುದು ಇಲ್ಲಿ. ಅದರ ಸೂಕ್ಷ್ಮ ಚಕ್ಕೆಗಳು ರಾಳದಲ್ಲಿ ಸಮನಾಗಿ ಹರಡಿದ್ದರೆ ಬಿರುಕು ನೇರವಾಗಿ ಸಾಗಲಾರದೆ ಸುತ್ತುದಾರಿ ಹಿಡಿಯುತ್ತದೆ. ಅದರಿಂದ ಶಕ್ತಿ ಕಳೆದುಕೊಳ್ಳುತ್ತದೆ.

ಗ್ರಾಫೀನ್ ಎಂದರೆ ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆ. 2004ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಇದನ್ನು ಬೇರ್ಪಡಿಸಿದ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಅವರಿಗೆ 2010ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಆದರೆ ಉಕ್ಕನ್ನು ಮೀರಿಸುವ ಅದರ ಪ್ರಸಿದ್ಧ ಬಲವು ದೋಷರಹಿತ ಒಂಟಿ ಹಾಳೆಗೆ ಸೇರಿದ್ದು; ಚೀಲದಲ್ಲಿ ಬರುವ ಪುಡಿಗಲ್ಲ.

ಬ್ರಿಟನ್ನಿನ ಬಿಎಸಿ ಸಂಸ್ಥೆ 2019ರಲ್ಲಿ ಹೊರತಂದ ಮೋನೋ ಆರ್ ಕಾರಿನ ಹೊರಮೈ ಫಲಕಗಳೆಲ್ಲವೂ ಗ್ರಾಫೀನ್ ಸೇರಿಸಿದ ಕಾರ್ಬನ್ ಫೈಬರ್‌ನವು. ದ್ರವಗಳನ್ನು ತುಂಬಿಸದ ಆ ಕಾರಿನ ತೂಕ 555 ಕಿಲೋ. ಫೋರ್ಡ್ ಸಂಸ್ಥೆ 2018ರಲ್ಲಿ ಎಂಜಿನ್ ಭಾಗದ ಫೋಮ್ ಬಿಡಿಭಾಗಗಳಿಗೆ ಶೇಕಡಾ ಅರ್ಧಕ್ಕೂ ಕಡಿಮೆ ಗ್ರಾಫೀನ್ ಬೆರೆಸಿ, ಸದ್ದು ಶೇ. 17ರಷ್ಟು ತಗ್ಗಿತೆಂದೂ ಶಾಖ ತಾಳುವ ಗುಣ ಶೇ. 30ರಷ್ಟು ಹೆಚ್ಚಿತೆಂದೂ ಪ್ರಕಟಿಸಿತು. ಇದು ಕಾರ್ಬನ್ ಫೈಬರ್ ಅಲ್ಲವಾದರೂ, ಅಲ್ಪ ಪ್ರಮಾಣವೇ ಸಾಕೆಂಬುದಕ್ಕೆ ನಿದರ್ಶನ.

ಪ್ರಮಾಣ ಮೀರಿದರೆ ಲಾಭಕ್ಕೆ ಬದಲು ನಷ್ಟ. ಚಕ್ಕೆಗಳು ಗಂಟುಕಟ್ಟುತ್ತವೆ, ಆ ಗಂಟೇ ಬಿರುಕಿನ ಮೂಲವಾಗುತ್ತದೆ. ರಾಳ ಮಂದವಾಗಿ ಬಟ್ಟೆಯೊಳಗೆ ಇಳಿಯುವುದಿಲ್ಲ.

ಇನ್ನು ಹಣದ ಮಾತು. 60 ಉತ್ಪಾದಕರ ಮಾದರಿಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬಹುಪಾಲು ಮಾದರಿಗಳಲ್ಲಿದ್ದ ಗ್ರಾಫೀನ್ ಶೇ. 10ಕ್ಕಿಂತ ಕಡಿಮೆ, ಉಳಿದದ್ದು ಹೆಚ್ಚಾಗಿ ಗ್ರಾಫೈಟ್ ಪುಡಿ. 100 ಕಿಲೋ ರಾಳಕ್ಕೆ ಶೇ. 0.5ರಂತೆ 500 ಗ್ರಾಂ ಪುಡಿ ಕೊಂಡವರಿಗೆ ಅಂಥ ಸರಕಿನಲ್ಲಿ ದಕ್ಕುವುದು 50 ಗ್ರಾಂಗಿಂತಲೂ ಕಡಿಮೆ ಗ್ರಾಫೀನ್.

ಆದ್ದರಿಂದ ಉದ್ಯಮಿಗಳು ಈ ಕ್ರಮಗಳನ್ನು ಅನುಸರಿಸುವುದು ಒಳಿತು:

1. ಚಕ್ಕೆಯಲ್ಲಿರುವ ಪದರಗಳ ಸಂಖ್ಯೆ ಹಾಗೂ ಅಗಲವನ್ನು ಲಿಖಿತವಾಗಿ ಕೇಳಬೇಕು. ಹತ್ತು ಪದರ ಮೀರಿದ್ದನ್ನು ಐಎಸ್‌ಒ ಪರಿಭಾಷೆಯು ಗ್ರಾಫೀನ್ ಎನ್ನುವುದಿಲ್ಲ.

2. 2021ರಲ್ಲಿ ಹೊರಬಂದ ಐಎಸ್‌ಒ/ಟಿಎಸ್ 21356-1ರ ಪ್ರಕಾರ ಪರೀಕ್ಷಿಸಿದ ವರದಿಯನ್ನು ಪಡೆಯಬೇಕು.

3. ಅದೇ ಬಟ್ಟೆ, ಅದೇ ರಾಳ, ಅದೇ ಶಾಖದಲ್ಲಿ ಗ್ರಾಫೀನ್ ಸಹಿತ ಹಾಗೂ ರಹಿತ ಎರಡು ಫಲಕಗಳನ್ನು ತಯಾರಿಸಿ, ಪದರಗಳ ನಡುವಣ ಬಲವನ್ನು ಎಎಸ್‌ಟಿಎಂ ಡಿ2344 ವಿಧಾನದಿಂದ ಹೋಲಿಸಬೇಕು.

4. ಪುಡಿಯ ಧೂಳು ಉಸಿರಿಗೆ ಸೇರದಂತೆ, ಸಾಧ್ಯವಿದ್ದರೆ ರಾಳದಲ್ಲಿ ಮೊದಲೇ ಬೆರೆಸಿದ ಸರಕನ್ನೇ ಕೊಳ್ಳಬೇಕು.

ಎರಡು ಫಲಕಗಳಿಗೆ ತಗಲುವ ಖರ್ಚು ಅಲ್ಪ. ಆ ಪರೀಕ್ಷೆಯಲ್ಲಿ ವ್ಯತ್ಯಾಸ ಕಾಣದಿದ್ದರೆ, ಗ್ರಾಹಕನಿಗೂ ಅದು ಕಾಣದು.