ಮೆಡಿಕೇರ್ ಏಜೆಂಟ್ ಏನು ಕಲಿಯಬೇಕು?

ಬೆಂಗಳೂರಿನಲ್ಲಿ ಕೂತು ಅಮೆರಿಕದ ಆರೋಗ್ಯ ವಿಮೆಗೆ ಸಾಫ್ಟ್‌ವೇರ್ ಬರೆಯುವ ಕಂಪನಿಗಳು ಸಾಕಷ್ಟಿವೆ. ನಮ್ಮಲ್ಲಿ ಕೆಲವರಾದರೂ ನಾಳೆ ಅಂಥ ಪ್ರಾಜೆಕ್ಟಿಗೆ ಸೇರ್ತೀವಿ. ಅಲ್ಲಿ ಪದೇ ಪದೇ ಕಿವಿಗೆ ಬೀಳುವ ಪದ ಮೆಡಿಕೇರ್. ಅದರ ಪ್ಲಾನ್‌ಗಳನ್ನು ಮಾರುವ ಏಜೆಂಟರಿಗೆ ಏನು ಕಲಿಸ್ತಾರೆ, ಏನು ಕಲಿಸಬೇಕು ಅಂತ ನೋಡಿದರೆ ಇಡೀ ವ್ಯವಸ್ಥೆಯೇ ಅರ್ಥವಾಗುತ್ತದೆ.

ಮೊದಲು ಅಕ್ಷರಮಾಲೆ. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಕಾನೂನಿನಿಂದ ಬಂದ ಸರ್ಕಾರಿ ವಿಮೆ ಇದು. 65 ತುಂಬಿದವರಿಗೆ, ಜೊತೆಗೆ ಅಂಗವೈಕಲ್ಯ ಇರುವ ಕೆಲವು ಕಿರಿಯರಿಗೆ. ಪಾರ್ಟ್ ಎ ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿಗೆ, ಪಾರ್ಟ್ ಬಿ ಡಾಕ್ಟರ್ ಮತ್ತು ಹೊರರೋಗಿ ಚಿಕಿತ್ಸೆಗೆ. 2006ರಲ್ಲಿ ಶುರುವಾದ ಪಾರ್ಟ್ ಡಿ ಔಷಧಿಗೆ. ಪಾರ್ಟ್ ಸಿ ಅಂದರೆ ಮೆಡಿಕೇರ್ ಅಡ್ವಾಂಟೇಜ್: ಎ ಮತ್ತು ಬಿ ಎರಡನ್ನೂ ಖಾಸಗಿ ಕಂಪನಿ ಒಟ್ಟಿಗೆ ಕೊಡುವ ಪ್ಲಾನ್, ಸಾಮಾನ್ಯವಾಗಿ ಡಿ ಕೂಡ ಅದರೊಳಗೇ ಇರುತ್ತದೆ. ಸಿ ಬೇಡ, ಸರ್ಕಾರದ ಎ-ಬಿ ಯಲ್ಲೇ ಇರ್ತೀನಿ ಅನ್ನುವವರು ಪಾರ್ಟ್ ಬಿ ಬಿಲ್ಲಿನಲ್ಲಿ ಸಾಮಾನ್ಯವಾಗಿ 20% ತಾವೇ ಕಟ್ಟಬೇಕು, ವರ್ಷಕ್ಕೆ ಇಷ್ಟೇ ಅನ್ನುವ ಮಿತಿ ಇಲ್ಲ. ಆ ಪಾಲನ್ನು ತುಂಬಿಕೊಡುವ ಖಾಸಗಿ ವಿಮೆಗೆ ಮೆಡಿಗ್ಯಾಪ್ ಅಂತಾರೆ. ಅದರ ಪ್ಲಾನ್‌ಗಳ ಹೆಸರೂ ಎ, ಬಿ, ಜಿ, ಎನ್! ಪಾರ್ಟ್ ಬಿ ಬೇರೆ, ಪ್ಲಾನ್ ಬಿ ಬೇರೆ. ಹೆಸರಿಟ್ಟವರು ನಮ್ಮ ಲ್ಯಾಬಿನಲ್ಲಿ ವೇರಿಯೇಬಲ್‌ಗೆ ಹೀಗೆ ಹೆಸರಿಟ್ಟಿದ್ದರೆ ಮಾರ್ಕ್ಸ್ ಹೋಗ್ತಿತ್ತು.

ಏಜೆಂಟ್ ಆಗಲು ರಾಜ್ಯದ ಲೈಸೆನ್ಸ್ ಬೇಕು. ಅಡ್ವಾಂಟೇಜ್ ಅಥವಾ ಪಾರ್ಟ್ ಡಿ ಮಾರಬೇಕಾದರೆ ಪ್ರತಿ ವರ್ಷ ತರಬೇತಿ ಮುಗಿಸಿ ಪರೀಕ್ಷೆಯಲ್ಲಿ ಕನಿಷ್ಠ 85% ತೆಗೆಯಬೇಕು ಅಂತ ಮೆಡಿಕೇರ್ ನಡೆಸುವ ಸಂಸ್ಥೆ ಸಿಎಂಎಸ್‌ನ ನಿಯಮ. ನಡವಳಿಕೆಯ ನಿಯಮಗಳೂ ಬಿಗಿಯಾಗಿವೆ. ಕರೆಯದೆ ಮನೆ ಬಾಗಿಲು ತಟ್ಟುವಂತಿಲ್ಲ, ಗುರುತಿಲ್ಲದವರಿಗೆ ಫೋನ್ ಮಾಡುವಂತಿಲ್ಲ, ಮಾರಾಟದ ಸಭೆಯಲ್ಲಿ ಊಟ ಹಾಕುವಂತಿಲ್ಲ. ಇವೆಲ್ಲ ಬಾಯಿಪಾಠಕ್ಕೆ ಸುಲಭ, ಆಬ್ಜೆಕ್ಟಿವ್ ಪ್ರಶ್ನೆಗೂ ಸುಲಭ. ಆದರೆ ಗ್ರಾಹಕರಿಗೆ ನಿಜವಾದ ಪೆಟ್ಟು ಬೀಳುವುದು ಬೇರೆ ಕಡೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಮೆಡಿಕೇರ್ ಒಂದು ಸ್ಟೇಟ್ ಮಷೀನ್. ಅದರ ಕೆಲವು ಬಾಣಗಳು ಒಂದೇ ದಿಕ್ಕಿಗೆ ಹೋಗ್ತವೆ.

ಒಂದು ಲೆಕ್ಕ ಮಾಡೋಣ. ಒಬ್ಬರು 65 ದಾಟಿದ ಮೇಲೂ ದೊಡ್ಡ ಕಂಪನಿಯಲ್ಲಿ ಕೆಲಸದಲ್ಲಿದ್ದಾರೆ, ಕಂಪನಿಯ ವಿಮೆ ಇದೆ. ಆಗ ಪಾರ್ಟ್ ಬಿ ಮುಂದಕ್ಕೆ ಹಾಕಬಹುದು, ದಂಡವಿಲ್ಲ. (ಕಂಪನಿಯಲ್ಲಿ 20ಕ್ಕಿಂತ ಕಡಿಮೆ ಜನ ಇದ್ದರೆ ಮೆಡಿಕೇರ್ ಮೊದಲು ಹಣ ಕೊಡಬೇಕಾಗುತ್ತದೆ, ಆಗ ಕಥೆಯೇ ಬೇರೆ.) ಅವರು ಅಕ್ಟೋಬರ್ ಕೊನೆಗೆ ನಿವೃತ್ತರಾಗಿ, ಅದೇ ವಿಮೆಯನ್ನು ಸ್ವಂತ ದುಡ್ಡಿನಲ್ಲಿ 18 ತಿಂಗಳು ಮುಂದುವರಿಸುವ ಕೋಬ್ರಾ ತೆಗೆದುಕೊಂಡರು. ವಿಮೆ ಇದೆಯಲ್ಲ ಅಂತ ನಿಶ್ಚಿಂತೆ. ಆದರೆ ಪಾರ್ಟ್ ಬಿ ಸೇರಲು ಸಿಗುವ 8 ತಿಂಗಳ ಗಡುವು ಎಣಿಸುವುದು ಕೆಲಸ ನಿಂತಾಗಿನಿಂದ. ಕೋಬ್ರಾ ಆ ಲೆಕ್ಕಕ್ಕೆ ಬರೋದೇ ಇಲ್ಲ. ಗಡುವು ಮುಂದಿನ ಜೂನ್‌ಗೆ ಮುಗಿಯಿತು, ಕೋಬ್ರಾ ಅದರ ಮುಂದಿನ ಏಪ್ರಿಲ್‌ಗೆ. ಇನ್ನು ಅರ್ಜಿ ಹಾಕಲು ಜನವರಿವರೆಗೆ ಕಾಯಬೇಕು, ವಿಮೆ ಫೆಬ್ರವರಿಯಿಂದ. ನಡುವಿನ 9 ತಿಂಗಳು ಪಾರ್ಟ್ ಬಿ ಇಲ್ಲ. ಮೇಲೆ ತಡವಾದ ಪೂರ್ತಿ 12 ತಿಂಗಳಿಗೆ 10% ಲೆಕ್ಕದಲ್ಲಿ ದಂಡ. 2025ರ ಸಾಮಾನ್ಯ ಪ್ರೀಮಿಯಂ ತಿಂಗಳಿಗೆ 185 ಡಾಲರ್, ಅದರ ಮೇಲೆ 37 ಡಾಲರ್. ಒಂದು ಸಲ ಕಟ್ಟಿ ಮುಗಿಯುವ ದಂಡವಲ್ಲ, ಪಾರ್ಟ್ ಬಿ ಇರುವಷ್ಟು ಕಾಲ ಇದು ಬೆನ್ನು ಬಿಡೋದಿಲ್ಲ.

ಇನ್ನೊಂದು ಬಾಣ ಇದಕ್ಕಿಂತ ಅಪಾಯದ್ದು. 65 ಆಗಿ ಪಾರ್ಟ್ ಬಿ ಶುರುವಾದ ಮೊದಲ 6 ತಿಂಗಳು ಯಾವ ಮೆಡಿಗ್ಯಾಪ್ ಕಂಪನಿಯೂ ಕಾಯಿಲೆ ಇದೆ ಅಂತ ನಿರಾಕರಿಸುವಂತಿಲ್ಲ. ಆಮೇಲೆ ಹೆಚ್ಚಿನ ರಾಜ್ಯಗಳಲ್ಲಿ ಆರೋಗ್ಯ ವಿಚಾರಿಸಿ ಆಗಲ್ಲ ಅನ್ನಬಹುದು. ಗಟ್ಟಿಮುಟ್ಟಾಗಿರುವಾಗ ಪ್ರೀಮಿಯಂ ಸೊನ್ನೆ ಅಂತ ಅಡ್ವಾಂಟೇಜ್ ಸೇರಿದವರು, ಕೆಲವು ವರ್ಷದ ನಂತರ ಕ್ಯಾನ್ಸರ್ ಬಂದು, ತಮಗೆ ಬೇಕಾದ ಆಸ್ಪತ್ರೆ ಪ್ಲಾನಿನ ನೆಟ್‌ವರ್ಕಿನಲ್ಲಿ ಇಲ್ಲ ಅಂತ ಗೊತ್ತಾದರೆ? ವರ್ಷಾವರ್ಷ ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗೆ ಎ-ಬಿ ಗೆ ಹಿಂದಿರುಗಬಹುದು, ಸರಿ. ಆದರೆ ಆ 20% ಹೊರಲು ಮೆಡಿಗ್ಯಾಪ್ ಸಿಗುತ್ತೆ ಅನ್ನುವ ಖಾತ್ರಿ ಇಲ್ಲ. ಅಡ್ವಾಂಟೇಜ್ ಕೆಟ್ಟದ್ದು ಅಂತಲ್ಲ. ಅದರಲ್ಲಿ ವರ್ಷದ ಖರ್ಚಿಗೆ ಮಿತಿ ಇರುತ್ತದೆ, ಮೆಡಿಗ್ಯಾಪ್ ಪ್ರೀಮಿಯಂ ಕಟ್ಟಲಾಗದವರಿಗೆ ಅದೇ ಆಸರೆ. ಆದರೆ ಈ ಬಾಗಿಲು ಹಿಂದಿನಿಂದ ಚಿಲಕ ಬೀಳಬಹುದು ಅಂತ ಸಹಿ ಹಾಕಿಸುವ ಮೊದಲೇ ಹೇಳಬೇಕು. ಏಜೆಂಟರಿಗೆ ಕಮಿಷನ್ ಕೊಡುವುದು ಕಂಪನಿ ಅನ್ನೋದನ್ನೂ ಮರೆಯೋ ಹಾಗಿಲ್ಲ.

ಹಾಗಾಗಿ ಪಾಠ ಮಾಡೋದು ನಮ್ಮ ಕೈಲಿದ್ದರೆ ಅಕ್ಷರಮಾಲೆಗೆ ಒಂದು ದಿನ, ಉಳಿದದ್ದೆಲ್ಲ ಕೇಸ್‌ಗೆ ಕೊಡ್ತಿದ್ವಿ. ಯಾವ ತಾರೀಕಿಗೆ ಕೆಲಸ ಬಿಟ್ರಿ? ಕಂಪನಿಯಲ್ಲಿ ಎಷ್ಟು ಜನ? ಯಾವ ಡಾಕ್ಟರನ್ನು ಬಿಡೋಕಾಗಲ್ಲ? ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಅಂಗಡಿ? ಒಂದೇ ಮಾತ್ರೆಗೆ ಎರಡು ಪ್ಲಾನಿನಲ್ಲಿ ಎರಡು ದರ ಇರಬಹುದು. ಮೆಡಿಕೇರ್‌ನ ಸರ್ಕಾರಿ ಜಾಲತಾಣದಲ್ಲಿ ಪ್ಲಾನ್ ಹೋಲಿಸುವ ಸಾಧನ ಎಲ್ಲರಿಗೂ ತೆರೆದಿದೆ. ಯಾವುದಾದರೂ ಪಿನ್‌ಕೋಡ್ (ಅವರ ಜಿಪ್ ಕೋಡ್) ಹಾಕಿ, ನಾಲ್ಕು ಮಾತ್ರೆ ಸೇರಿಸಿ ನೋಡಿ.

ಅಲ್ಲಿರುವ ಕನ್ನಡಿಗರ ಮನೆಗಳಿಗೂ ಇದು ಸಂಬಂಧಿಸಿದ್ದೇ. ಮಕ್ಕಳ ಜೊತೆ ಇರಲು ಗ್ರೀನ್ ಕಾರ್ಡ್ ಮೇಲೆ ಹೋದ ಅಪ್ಪ-ಅಮ್ಮ 65 ದಾಟಿದ್ದರೆ, 5 ವರ್ಷ ಸತತ ವಾಸದ ನಂತರ ಮೆಡಿಕೇರ್ ಕೊಳ್ಳಬಹುದು. ಅಲ್ಲಿ ತಾವಾಗಲಿ ಸಂಗಾತಿಯಾಗಲಿ ಕೆಲಸ ಮಾಡಿ ತೆರಿಗೆ ಕಟ್ಟಿಲ್ಲದಿದ್ದರೆ ಪಾರ್ಟ್ ಎ ಗೂ ದುಡ್ಡು: 2025ರಲ್ಲಿ ತಲೆಗೆ ತಿಂಗಳಿಗೆ 518 ಡಾಲರ್. ಊರಿಗೆ ಬಂದಾಗ ಮೈಸೂರಿನ ಆಸ್ಪತ್ರೆ ಬಿಲ್ಲಿಗೆ ಪಾರ್ಟ್ ಎ-ಬಿ ಬರೋದಿಲ್ಲ. ಅಡ್ವಾಂಟೇಜ್ ಪ್ಲಾನಿನವರು ಅದರ ಪ್ರದೇಶ ಬಿಟ್ಟು ಸತತ 6 ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಸಾಮಾನ್ಯವಾಗಿ ಹೆಸರು ತೆಗೆದುಹಾಕ್ತಾರೆ. ಅಂಥವರ ಮುಂದೆ ಕೂತ ಏಜೆಂಟ್ ಮೊದಲು ಕೇಳಬೇಕಾದ್ದು, “ಊರಿಗೆ ಹೋದರೆ ಎಷ್ಟು ತಿಂಗಳು ಇರ್ತೀರಿ?”