ಮನಸ್ಸಿನ ಗಾಯಕ್ಕೆ ಚಿಕಿತ್ಸೆ: ಕೇಸು ಮುಗಿಯುವವರೆಗೆ ಕಾಯಬೇಕಿಲ್ಲ

ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳೆಲ್ಲ ಅಳುತ್ತಾ ಕೂರುವುದಿಲ್ಲ. ಎಷ್ಟೋ ಮಕ್ಕಳು ಮರುದಿನವೇ ಯೂನಿಫಾರಂ ತೊಟ್ಟು ಶಾಲೆಗೆ ಹೋಗುತ್ತಾರೆ. ತಿಂಗಳುಗಳ ಮೇಲೆ ರಾತ್ರಿ ಬೆಚ್ಚಿ ಏಳುವುದು, ಅಮ್ಮನ ಮೇಲೆ ರೇಗುವುದು, ಕೈ ಕುಯ್ದುಕೊಳ್ಳುವುದು ಶುರುವಾಗುತ್ತದೆ. ಘಟನೆಯ ತಾರೀಖು ಕೇಳಿದರೆ ತಡವರಿಸುವ ಹುಡುಗಿಗೆ ಆ ಕೋಣೆಯ ಫ್ಯಾನಿನ ಸದ್ದು ಮಾತ್ರ ಚೆನ್ನಾಗಿ ನೆನಪಿರಬಹುದು. ಆಘಾತಗೊಂಡ ಮನಸ್ಸು ನೆನಪಿಟ್ಟುಕೊಳ್ಳುವ ರೀತಿಯೇ ಹಾಗೆ. ಅದನ್ನು ನೋಡಿ ಸುಳ್ಳು ಹೇಳುತ್ತಿದ್ದಾಳೆ ಎನ್ನಬಾರದು.

ಮನೆಯವರು ಮಾತ್ರ, ‘ಮೊದಲು ಕೇಸು ಮುಗಿಯಲಿ, ಡಾಕ್ಟರಿಗೆ ಆಮೇಲೆ ತೋರಿಸೋಣ’ ಎನ್ನುತ್ತಾರೆ. ಈಗಲೇ ಮನೋವೈದ್ಯರ ಬಳಿ ಹೋದರೆ ಎದುರು ಪಕ್ಷದ ವಕೀಲರು ಹುಚ್ಚಿನ ಪಟ್ಟ ಕಟ್ಟುತ್ತಾರೆ ಎಂಬ ಭಯ. ಹೀಗೆ ಕಾಯಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಹದಿನೆಂಟು ತುಂಬದವರಿಗೆ, ಹುಡುಗರೂ ಸೇರಿದಂತೆ, 2012ರ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ. ತುರ್ತು ಚಿಕಿತ್ಸೆ ಕೊಡುವಾಗ ಅಗತ್ಯವಿದ್ದರೆ ಮಾನಸಿಕ ಆರೋಗ್ಯದ ಸಲಹೆಗೂ ಕಳಿಸಬೇಕು, ಚಿಕಿತ್ಸೆಗೆ ಮುನ್ನ ಪೊಲೀಸರ ಅಥವಾ ಕೋರ್ಟಿನ ಕಾಗದ ತನ್ನಿ ಎನ್ನಬಾರದು ಎಂದು ಅದರ 2020ರ ನಿಯಮಗಳಲ್ಲಿದೆ. ಖಾಸಗಿ ಆಸ್ಪತ್ರೆಯಾದರೂ ಸಂತ್ರಸ್ತರಿಗೆ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ಇದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಮು. ಬಿಲ್ಲಿಂಗ್ ಕೌಂಟರಿನಲ್ಲಿ ತಡೆದರೆ ಈ ಕಲಮಿನ ಸಂಖ್ಯೆಯನ್ನೇ ಹೇಳಿ.

ಹೇಳಿಕೆ ಕೊಡಲು ಮಗು ಠಾಣೆಗೆ ಹೋಗಬೇಕಿಲ್ಲ. ಮನೆಯಲ್ಲಿ ಅಥವಾ ಮಗು ಬಯಸಿದ ಕಡೆ, ಆದಷ್ಟು ಮಟ್ಟಿಗೆ ಮಹಿಳಾ ಎಸ್‌ಐ, ಸಮವಸ್ತ್ರವಿಲ್ಲದೆ ಬಂದು ಬರೆದುಕೊಳ್ಳಬೇಕು. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಮಗು ಮತ್ತು ಪೋಷಕರು ಒಪ್ಪಿದರೆ ಸಮಿತಿ ಒಬ್ಬ ‘ಬೆಂಬಲ ವ್ಯಕ್ತಿ’ಯನ್ನು ಕೊಡಬಹುದು. ಹೆಚ್ಚಿನವರಿಗೆ ಗೊತ್ತಿಲ್ಲದ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯುಕ್ತವಾದ ಅವಕಾಶವಿದು. ವಾಯಿದೆಗೆ ಜೊತೆಯಲ್ಲಿ ಬರುವುದು, ಮುಂದೇನು ನಡೆಯುತ್ತದೆಂದು ಮಗುವಿಗೆ ತಿಳಿಸಿ ಹೇಳುವುದು ಅವರ ಕೆಲಸ. ಮಗು ಎಷ್ಟು ಚೇತರಿಸಿಕೊಂಡಿದೆ ಎಂದು ಪ್ರತಿ ತಿಂಗಳೂ ಸಮಿತಿಗೆ ವರದಿ ಕೊಡಬೇಕಾದದ್ದೂ ಅವರೇ. ಸಮಿತಿಯವರು ತಾವಾಗಿ ಹೇಳದಿದ್ದರೆ ಕೇಳಿ ಪಡೆಯಿರಿ.

ಕೋರ್ಟಿನಲ್ಲಿ ಆರೋಪಿ ಮಗುವಿನ ಕಣ್ಣಿಗೆ ಬೀಳದಂತೆ ಪರದೆ ಅಥವಾ ವಿಡಿಯೊ ವ್ಯವಸ್ಥೆ ಕೇಳಬಹುದು. ವಕೀಲರು ನೇರವಾಗಿ ಪಾಟಿ ಸವಾಲು ಹಾಕುವಂತಿಲ್ಲ, ಪ್ರಶ್ನೆಗಳು ನ್ಯಾಯಾಧೀಶರ ಮೂಲಕವೇ ಬರಬೇಕು. ನಡುನಡುವೆ ವಿರಾಮ ಸಿಗಬೇಕು, ಚಾರಿತ್ರ್ಯಹರಣಕ್ಕೆ ಅವಕಾಶವಿರಬಾರದು.

ಒಂದು ತೊಡಕಿದೆ. ವಿಷಯ ತಿಳಿದವರು ಪೊಲೀಸರಿಗೆ ಹೇಳಲೇಬೇಕು ಎನ್ನುತ್ತದೆ ಪೋಕ್ಸೊ ಕಾಯ್ದೆಯ 19ನೇ ಕಲಮು. ಆಪ್ತಸಮಾಲೋಚಕರಿಗೂ ವಿನಾಯಿತಿಯಿಲ್ಲ. ‘ಯಾರಿಗೂ ಹೇಳಬೇಡಿ ಮೇಡಂ’ ಎಂದು ಹದಿನಾರರ ಹುಡುಗ ಬಾಯಿಬಿಟ್ಟರೆ ಅವರು ಸುಮ್ಮನಿರುವಂತಿಲ್ಲ. ಆದ್ದರಿಂದ ಮಾತು ಶುರುವಾಗುವ ಮೊದಲೇ ಇದನ್ನು ಅವನಿಗೆ ತಿಳಿಸುವುದು ನ್ಯಾಯ. ಕೊಟ್ಟ ಮಾತು ಮುರಿದರೆ ಅವನು ಇನ್ನೊಬ್ಬರ ಬಳಿ ಬಾಯಿ ಬಿಡುವುದು ಕಷ್ಟ. ಇಷ್ಟು ದಿನ ಹೇಳಲಿಲ್ಲ ಎಂದು ಮಗುವಿಗೆ ಮಾತ್ರ ಶಿಕ್ಷೆಯಿಲ್ಲ.

ಕೃತ್ಯ ನಡೆದಾಗ ಹದಿನೆಂಟು ತುಂಬಿದ್ದವರಿಗೆ ಪೋಕ್ಸೊ ಅನ್ವಯಿಸುವುದಿಲ್ಲ. ಯುವತಿಯರ ದೂರು ಭಾರತೀಯ ನ್ಯಾಯ ಸಂಹಿತೆಯಡಿ ದಾಖಲಾಗುತ್ತದೆ. ಅದರ ಅತ್ಯಾಚಾರದ ಕಲಮಿನಲ್ಲಿ ಯುವಕರು ಸಂತ್ರಸ್ತರಾಗಿ ಬರುವುದೇ ಇಲ್ಲ, ಇದು ಕಾನೂನಿನ ದೊಡ್ಡ ಲೋಪ. ಚಿಕಿತ್ಸೆಯ ಮಾತು ಬೇರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಎಲ್ಲರಿಗೂ ಆ ಹಕ್ಕು ಕೊಟ್ಟಿದೆ. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098, ಉಚಿತ ವಕೀಲರಿಗೆ 15100.

ಪೋಕ್ಸೊ ಪ್ರಕರಣದಲ್ಲಿ ಮಧ್ಯಂತರ ಪರಿಹಾರಕ್ಕೆ ಎಫ್‌ಐಆರ್ ಆದ ಮೇಲೆ ಯಾವ ಹಂತದಲ್ಲಾದರೂ ಅರ್ಜಿ ಹಾಕಬಹುದು. ಆರೋಪಿ ಬಿಡುಗಡೆಯಾದರೂ, ಪತ್ತೆಯೇ ಆಗದಿದ್ದರೂ ನ್ಯಾಯಾಲಯ ಪರಿಹಾರಕ್ಕೆ ಶಿಫಾರಸು ಮಾಡಬಹುದು. ಮೊತ್ತ ನಿಗದಿ ಮಾಡುವಾಗ ಮನಸ್ಸಿಗಾದ ಹಾನಿ, ಅದರ ಚಿಕಿತ್ಸೆಯ ಖರ್ಚು, ತಪ್ಪಿಹೋದ ಶಾಲೆಯ ದಿನಗಳೂ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಔಷಧಿ ಚೀಟಿ, ಓಡಾಟದ ರಸೀದಿ, ಶಾಲೆಯ ಹಾಜರಾತಿ ಪ್ರತಿಗಳನ್ನು ಮೊದಲ ದಿನದಿಂದಲೇ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ.