ಬೇಟೆಯ ಬೆಟ್ಟದಲ್ಲಿ ಪರದೆಯ ಮೇಲಿನ ನಕ್ಷೆ

ಅಮೆರಿಕದ ಪಶ್ಚಿಮ ಭಾಗದ ಮೊಂಟಾನಾ, ವಯೋಮಿಂಗ್, ಕೊಲರಾಡೊ ರಾಜ್ಯಗಳಲ್ಲಿ ಪರವಾನಗಿ ಪಡೆದು ಎಲ್ಕ್ ಬೇಟೆಗೆ ಹೋಗುವವರ ಕೈಯಲ್ಲಿ ಇಂದು ಬಂದೂಕಿನಷ್ಟೇ ಖಚಿತವಾಗಿ ಮೊಬೈಲ್ ಫೋನ್ ಇರುತ್ತದೆ; ಎಲ್ಕ್ ಎಂದರೆ ನಮ್ಮ ಕಡವೆಯ ಕುಟುಂಬಕ್ಕೇ ಸೇರಿದ, ಬೆಳೆದ ಗಂಡು 300 ಕಿಲೋ ದಾಟಿ ತೂಗುವ ಪ್ರಾಣಿ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ನಿಂತುಹೋಗಿರುವುದರಿಂದ ಇಲ್ಲಿ ಹೇಳಹೊರಟಿರುವ ಅನುಭವ ಪೂರ್ತಿಯಾಗಿ ಆ ನೆಲದ್ದು. ಆ ಬೆಟ್ಟಗಳಲ್ಲಿ ಬೇಟೆಯ ಋತುಗಳನ್ನು ಕಳೆದವರಿಗೆ ಕ್ರಮೇಣ ಮನದಟ್ಟಾಗುವ ಸಂಗತಿಯೆಂದರೆ, ಉಪಗ್ರಹದ ಸಂಕೇತ ಕೈಕೊಡುವುದು ಅಪರೂಪ. ಕೈಕೊಡುವುದು ಮನೆಯಲ್ಲಿ ಸಿದ್ಧಪಡಿಸಿಕೊಳ್ಳದ ನಕ್ಷೆ, ಚಳಿಗೆ ಸೋಲುವ ಬ್ಯಾಟರಿ ಮತ್ತು ಪರದೆಯ ಮೇಲಿನ ಗೆರೆಯ ಬಗ್ಗೆ ಬೆಳೆಸಿಕೊಂಡ ಅತಿಯಾದ ನಂಬಿಕೆ.

ಮೊಬೈಲ್ ಜಾಲವಿಲ್ಲದ ಕಣಿವೆಯಲ್ಲಿ ಜಿಪಿಎಸ್ ಕೆಲಸ ಮಾಡದು ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳು ತಮ್ಮ ಸಮಯವನ್ನೂ ಸ್ಥಾನವನ್ನೂ ನಿರಂತರವಾಗಿ ಸಾರುತ್ತಿರುತ್ತವೆ, ಫೋನಿನೊಳಗಿನ ಗ್ರಾಹಕ ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಹಿಡಿದು ತಾನಿರುವ ಜಾಗವನ್ನು ಲೆಕ್ಕಹಾಕುತ್ತದೆ, ಈ ಕೆಲಸಕ್ಕೆ ಸಿಮ್ ಆಗಲಿ ಟವರ್ ಆಗಲಿ ಬೇಕಿಲ್ಲ. ಟವರಿನ ನೆರವು ಒದಗುವುದು ಆರಂಭದ ವೇಗದಲ್ಲಿ ಮಾತ್ರ: ಜಾಲವಿದ್ದಾಗ ಉಪಗ್ರಹಗಳ ಕಕ್ಷೆಯ ವಿವರ ಅದರ ಮೂಲಕ ಕ್ಷಣದಲ್ಲಿ ಬಂದುಬಿಡುತ್ತದೆ, ಇಲ್ಲದಿದ್ದಾಗ ಅದೇ ವಿವರವನ್ನು ಉಪಗ್ರಹದಿಂದಲೇ ನಿಧಾನವಾಗಿ ಕೇಳಿಸಿಕೊಳ್ಳಬೇಕಾಗುತ್ತದೆ. ಆದ್ದರಿಂದ ಜಾಲ ಕಡಿದುಹೋಗುವ ಮೊದಲೇ, ಗಾಡಿ ನಿಲ್ಲಿಸಿದ ಜಾಗದಲ್ಲಿ ಆಕಾಶ ತೆರೆದಿರುವಾಗ, ಸ್ಥಾನ ಹಿಡಿಸಿಕೊಂಡು ಹೊರಡುವುದು ಜಾಣತನ.

ಟ್ಯಾಬ್ಲೆಟ್ ಕೊಳ್ಳುವವರು ಇಲ್ಲಿ ಎಡವುವುದುಂಟು. ವೈಫೈ ಮಾತ್ರ ಇರುವ ಐಪ್ಯಾಡ್‌ಗಳಲ್ಲಿ ಜಿಪಿಎಸ್ ಗ್ರಾಹಕವೇ ಇರುವುದಿಲ್ಲ. ಸುತ್ತಲಿನ ವೈಫೈ ಕೇಂದ್ರಗಳ ಆಧಾರದ ಮೇಲೆ ಅವು ಊರಿನಲ್ಲಿ ಸ್ಥಾನ ತೋರಿಸುವುದರಿಂದ ಈ ಕೊರತೆ ಕಾಡಿಗೆ ಹೋಗುವವರೆಗೂ ಗೊತ್ತಾಗದು. ಸಿಮ್ ಹಾಕುವ ಮಾದರಿಯಲ್ಲಿ ಗ್ರಾಹಕವಿದೆ, ಸಿಮ್ ಹಾಕದಿದ್ದರೂ ಅದು ನಡೆಯುತ್ತದೆ. ಹಾಗಿದ್ದರೂ ಟ್ಯಾಬ್ಲೆಟ್‌ನ ನಿಜವಾದ ಸ್ಥಳ ಬಿಡಾರ ಅಥವಾ ಗಾಡಿಯ ಮುಂದಿನ ಸೀಟು. ರಾತ್ರಿ ನಾಲ್ಕಾರು ಜನ ಒಟ್ಟಿಗೆ ಬಗ್ಗಿ ನೋಡಿ, ಯಾವ ಏಣಿನಿಂದ ಯಾರು ಇಳಿಯಬೇಕೆಂದು ಚರ್ಚಿಸಲು ಆ ದೊಡ್ಡ ಪರದೆಗೆ ಸಾಟಿಯಿಲ್ಲ. ಬೆನ್ನಿಗೆ ಹೊತ್ತು ಏರುವಾಗ ಅದು ಭಾರವಷ್ಟೆ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ನಕ್ಷೆ. ಜಿಪಿಎಸ್ ಕೊಡುವುದು ಅಕ್ಷಾಂಶ, ರೇಖಾಂಶ ಮತ್ತು ಎತ್ತರದ ಅಂಕಿಗಳನ್ನು ಮಾತ್ರ. ಆ ಅಂಕಿಗಳ ಕೆಳಗೆ ಬೆಟ್ಟ, ಹಳ್ಳ, ದಾರಿಗಳ ಚಿತ್ರವನ್ನು ಇರಿಸುವುದು ಆಪ್, ಆ ಚಿತ್ರ ಬರುವುದು ಅಂತರ್ಜಾಲದಿಂದ. ಮೊದಲೇ ಇಳಿಸಿಕೊಳ್ಳದಿದ್ದರೆ ಕಾಡಿನ ನಡುವೆ ಬೂದು ಬಣ್ಣದ ಖಾಲಿ ಪರದೆಯ ಮೇಲೆ ಒಂದು ನೀಲಿ ಚುಕ್ಕೆ ಮಿನುಗುತ್ತಿರುತ್ತದೆ. ಇಳಿಸಿಕೊಂಡವರೂ ಹಲವೊಮ್ಮೆ ದೂರದ ನೋಟವನ್ನಷ್ಟೇ ಇಳಿಸಿಕೊಂಡಿರುತ್ತಾರೆ: ಆಪ್‌ಗಳು ವಿವರದ ಮಟ್ಟಕ್ಕೆ ತಕ್ಕಂತೆ ಜಾಗ ಕೇಳುವುದರಿಂದ ವಿಶಾಲ ಪ್ರದೇಶವನ್ನು ಆರಿಸಿಕೊಂಡಾಗ ವಿವರ ಕಡಿಮೆಯಾಗುತ್ತದೆ, ಒಂದೇ ಎತ್ತರದ ಸ್ಥಳಗಳನ್ನು ಜೋಡಿಸುವ ಸಮೋನ್ನತ ರೇಖೆಗಳು ಹಿಗ್ಗಿಸಿದಾಗ ಮಸುಕಾಗಿಬಿಡುತ್ತವೆ. ಇಳಿಜಾರು ನಡೆಯಬಹುದಾದದ್ದೋ, ಪ್ರಪಾತವೋ ಎಂದು ಹೇಳುವುದು ಆ ರೇಖೆಗಳ ಒತ್ತು ಮಾತ್ರವಾದ್ದರಿಂದ ಅವುಗಳಿಲ್ಲದ ನಕ್ಷೆಯಿಂದ ಬೇಟೆಗಾರನಿಗೆ ಪ್ರಯೋಜನವಿಲ್ಲ. ಪರೀಕ್ಷೆ ಸುಲಭ. ಮನೆಯಲ್ಲೇ ಏರ್‌ಪ್ಲೇನ್ ಮೋಡ್ ಹಾಕಿ, ಆಪ್ ಮುಚ್ಚಿ ಮತ್ತೆ ತೆರೆದು, ಹೋಗಬೇಕಾದ ಕಣಿವೆಯ ತುದಿಯಿಂದ ತುದಿಗೆ ಬೆರಳಾಡಿಸಿ, ರೇಖೆಗಳ ಮೇಲಿನ ಎತ್ತರದ ಅಂಕಿಗಳು ಓದಿಸಿಕೊಳ್ಳುತ್ತವೆಯೇ ಎಂದು ನೋಡಿದರೆ ಸಾಕು.

ಅದೇ ಏರ್‌ಪ್ಲೇನ್ ಮೋಡ್ ಕಾಡಿನಲ್ಲಿ ಬ್ಯಾಟರಿಯನ್ನೂ ಕಾಯುತ್ತದೆ, ಏಕೆಂದರೆ ಸಿಗದ ಟವರನ್ನು ಹುಡುಕುತ್ತಲೇ ಇರುವ ಫೋನ್ ಬೇಗ ಬರಿದಾಗುತ್ತದೆ, ಜಿಪಿಎಸ್ ಮಾತ್ರ ಆ ಸ್ಥಿತಿಯಲ್ಲೂ ನಡೆಯುತ್ತದೆ. ಐಫೋನಿನ ತಯಾರಕರು ಬಳಕೆಗೆ ಸೂಚಿಸಿರುವ ಉಷ್ಣತೆ 0ರಿಂದ 35 ಡಿಗ್ರಿ ಸೆಲ್ಸಿಯಸ್. ನವೆಂಬರಿನ ಮೊಂಟಾನಾ ಬೆಳಗು ಅದಕ್ಕಿಂತ ಬಹಳ ಕೆಳಗಿರಬಹುದು. ಚಳಿಯಲ್ಲಿ ಲಿಥಿಯಂ ಬ್ಯಾಟರಿಯ ಒಳರೋಧ ಹೆಚ್ಚುವುದರಿಂದ ಚಾರ್ಜ್ ಉಳಿದಿರುವಂತೆ ತೋರುತ್ತಲೇ ಫೋನ್ ಆರಿಹೋಗುತ್ತದೆ. ಒಳಅಂಗಿಯ ಜೇಬಿನಲ್ಲಿ ಮೈಗೆ ತಾಗಿಸಿಟ್ಟ ಫೋನೂ ಪವರ್ ಬ್ಯಾಂಕೂ ದಿನ ಪೂರ್ತಿ ಬಾಳುತ್ತವೆ. ಚೀಲದ ಹೊರಜೇಬಿನವು ಬಾಳುವುದಿಲ್ಲ.

ಇನ್ನು ಗಡಿಯ ವಿಷಯ. 19ನೆಯ ಶತಮಾನದಲ್ಲಿ ಅಮೆರಿಕ ಸರ್ಕಾರ ರೈಲುಹಾದಿಗಳ ಅಕ್ಕಪಕ್ಕದ ನೆಲವನ್ನು ಒಂದೊಂದು ಚದರ ಮೈಲಿಯ, ಅಂದರೆ 640 ಎಕರೆಯ, ತುಂಡುಗಳಾಗಿ ವಿಂಗಡಿಸಿ, ಒಂದು ಬಿಟ್ಟು ಒಂದರಂತೆ ರೈಲು ಕಂಪನಿಗಳಿಗೆ ಕೊಟ್ಟದ್ದರಿಂದ ಅಲ್ಲಿ ಸರ್ಕಾರಿ ನೆಲವೂ ಖಾಸಗಿ ನೆಲವೂ ಚದುರಂಗದ ಮಣೆಯಂತೆ ಹೆಣೆದುಕೊಂಡಿವೆ. ಸಾರ್ವಜನಿಕ ನೆಲದಲ್ಲಿ ಬೇಟೆಯಾಡುವ ಹಕ್ಕು ಎಲ್ಲರಿಗೂ ಇದೆ, ಒಪ್ಪಿಗೆಯಿಲ್ಲದೆ ಖಾಸಗಿ ನೆಲಕ್ಕೆ ಕಾಲಿಟ್ಟರೆ ಅತಿಕ್ರಮಣ. 2009ರಲ್ಲಿ ಮೊಂಟಾನಾದ ಮಿಸೌಲಾದಲ್ಲಿ ಹುಟ್ಟಿದ ಆನ್‌ಎಕ್ಸ್ ಸಂಸ್ಥೆ ಈ ಒಡೆತನದ ಗಡಿಗಳನ್ನು ಜಿಪಿಎಸ್ ನಕ್ಷೆಯ ಮೇಲೆ ತಂದು, ದೊಡ್ಡ ಜಮೀನುದಾರರಿಗೆ ಹೆದರಿ ದೂರ ಉಳಿಯುತ್ತಿದ್ದ ಸಾಮಾನ್ಯ ಬೇಟೆಗಾರರಿಗೆ ತಮ್ಮ ಪಾಲಿನ ನೆಲ ಯಾವುದೆಂದು ತೋರಿಸಿಕೊಟ್ಟಿತು. ಇದು ನಿಜವಾಗಿಯೂ ಸಾರ್ವಜನಿಕ ಹಿತದ ಕೆಲಸವಾಯಿತು.

ಆದರೆ ತೆರೆದ ಆಕಾಶದ ಕೆಳಗೂ ಸಾಮಾನ್ಯ ಫೋನಿನ ನಿಖರತೆ ಸುಮಾರು 5 ಮೀಟರ್; ದಟ್ಟ ಪೈನ್ ಮರಗಳಡಿ, ಸಂಕೇತ ಬಂಡೆಗೆ ಬಡಿದು ತಿರುಗಿ ಬರುವ ಕಡಿದಾದ ಕೊರಕಲುಗಳಲ್ಲಿ, ಇನ್ನೂ ಕಡಿಮೆ. ಎರಡು ಸಾರ್ವಜನಿಕ ಚೌಕಗಳು ಮೂಲೆಯಲ್ಲಿ ಮಾತ್ರ ತಾಗುವ ಕಡೆ ಈ 5 ಮೀಟರೇ ಎಲ್ಲವನ್ನೂ ತೀರ್ಮಾನಿಸುತ್ತದೆ. 2021ರಲ್ಲಿ ವಯೋಮಿಂಗ್‌ನ ಎಲ್ಕ್ ಮೌಂಟನ್ ಬಳಿ ನಾಲ್ವರು ಬೇಟೆಗಾರರು ಅಂಥ ಮೂಲೆಯಲ್ಲಿ ಏಣಿ ನಿಲ್ಲಿಸಿ, ಖಾಸಗಿ ಮಣ್ಣನ್ನು ಮುಟ್ಟದೆ, ಒಂದು ಸಾರ್ವಜನಿಕ ಚೌಕದಿಂದ ಇನ್ನೊಂದಕ್ಕೆ ದಾಟಿದರು. ಅವರನ್ನು 2022ರಲ್ಲಿ ಜ್ಯೂರಿ ನಿರ್ದೋಷಿಗಳೆಂದಿತು; ಭೂಮಾಲೀಕರ ಕಡೆಯ ಸಿವಿಲ್ ದಾವೆಯಲ್ಲಿ ಬೇಟೆಗಾರರ ಪರವಾಗಿ ಬಂದ ತೀರ್ಪನ್ನು 2025ರ ಮಾರ್ಚ್‌ನಲ್ಲಿ ಹತ್ತನೆಯ ಸರ್ಕೀಟಿನ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಮೊಂಟಾನಾ ಬೇರೆ ಸರ್ಕೀಟಿಗೆ, ಅಂದರೆ ಬೇರೆ ಮೇಲ್ಮನವಿ ನ್ಯಾಯಾಲಯದ ವ್ಯಾಪ್ತಿಗೆ, ಸೇರಿದ್ದರಿಂದ ಆ ತೀರ್ಪು ಅಲ್ಲಿಗೆ ಅನ್ವಯಿಸದು. ಆ ದಾವೆಯಲ್ಲಿ ಬೇಟೆಗಾರನೊಬ್ಬನ ಆಪ್‌ನಲ್ಲಿದ್ದ ಒಂದು ವೇಪಾಯಿಂಟ್, ಎಂದರೆ ನಕ್ಷೆಯ ಮೇಲೆ ಊರಿದ ಗುರುತು, ಅತಿಕ್ರಮಣದ ಸಾಕ್ಷ್ಯವಾಗಿ ಚರ್ಚೆಗೆ ಬಂತು. ಅಂಥ ಗುರುತನ್ನು ಎಲ್ಲೋ ಕುಳಿತು ಬೆರಳಿನಿಂದಲೂ ಹಾಕಬಹುದು. ಆದ್ದರಿಂದ ಗುರುತು ಹಾಕಿದಾಗಲೇ ‘ದೂರದಿಂದ ಕಂಡದ್ದು’, ‘ನಿಂತ ಜಾಗ’ ಎಂದು ಹೆಸರು ಬರೆದಿಡುವ ಅಭ್ಯಾಸ ಒಳ್ಳೆಯದು. ಗಡಿಯ ಹತ್ತಿರ ನಂಬಬೇಕಾದದ್ದು ನೆಲದಲ್ಲಿ ಹೂತ ಸರ್ವೆಯ ಗುರುತನ್ನೇ ಹೊರತು ಪರದೆಯ ಗೆರೆಯನ್ನಲ್ಲ.

ಗುಂಡು ಹಾರಿದ ನಂತರದ ಹೊತ್ತಿನಲ್ಲಿ ಫೋನ್ ತನ್ನ ಬೆಲೆಯನ್ನು ತೀರಿಸುತ್ತದೆ. ಗುಂಡು ತಗುಲಿದ ಎಲ್ಕ್ ಅಲ್ಲೇ ಬೀಳದೆ ಓಡುವುದೇ ಹೆಚ್ಚು, ಅದು ನಿಂತಿದ್ದ ಜಾಗ ಕಣಿವೆಯಾಚೆಯಿಂದ ಕಂಡಂತೆ ಹತ್ತಿರ ಹೋದಾಗ ಕಾಣುವುದಿಲ್ಲ. ಬೇಟೆಗಾರ ಕದಲುವ ಮೊದಲು ಗುಂಡು ಹಾರಿಸಿದ ಜಾಗವನ್ನು ಗುರುತಿಸಿ, ಪ್ರಾಣಿ ಕಡೆಯದಾಗಿ ಕಂಡ ದಿಕ್ಕನ್ನು ದಿಕ್ಸೂಚಿಯಿಂದ ಹಿಡಿದುಕೊಂಡು, ಆಮೇಲೆ ರಕ್ತದ ಹನಿ ಸಿಕ್ಕಲ್ಲೆಲ್ಲ ಒಂದೊಂದು ಗುರುತು ಊರುತ್ತ ಹೋದರೆ, ಹನಿ ತಪ್ಪಿದಾಗ ಹಿಂದಿನ ಗುರುತುಗಳ ಸಾಲೇ ಮುಂದಿನ ದಿಕ್ಕನ್ನು ಸೂಚಿಸುತ್ತದೆ. ಗಾಯಗೊಂಡ ಪ್ರಾಣಿಯನ್ನು ನರಳಲು ಬಿಟ್ಟು ಬರಬಾರದೆಂಬ ಹೊಣೆಗೆ ಇಷ್ಟು ನೆರವಾಗುವ ಸಾಧನ ಹಿಂದೆ ಇರಲಿಲ್ಲ. ಸಿಕ್ಕ ಮಾಂಸವನ್ನು ಹಲವು ಹೊರೆಗಳಾಗಿ ಕತ್ತಲೆಯಲ್ಲಿ ಹೊತ್ತು ತರುವಾಗಲೂ ಮೊದಲ ಸಲ ನಡೆದ ಹಾದಿಯ ದಾಖಲೆಯೇ ಮುಂದಿನ ಹೊರೆಗಳಿಗೆ ದಾರಿ.

ಕಾಗದದ ನಕ್ಷೆಯನ್ನು ಚೀಲದಿಂದ ತೆಗೆದುಹಾಕುವ ಕಾಲ ಇನ್ನೂ ಬಂದಿಲ್ಲ. ಆದರೆ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಹಳೆಯ ಹಾಳೆಗಳು 1927ರ ಅಳತೆಯ ಆಧಾರದ ಮೇಲಿರುವುದರಿಂದ, ಫೋನಿನ ಅಂಕಿಗಳನ್ನು ಅವುಗಳ ಮೇಲೆ ನೇರವಾಗಿ ಗುರುತಿಸಿದರೆ ಪಶ್ಚಿಮದಲ್ಲಿ ಹತ್ತಾರು ಮೀಟರ್ ವ್ಯತ್ಯಾಸ ಬರುತ್ತದೆ.

ಕೊನೆಯದಾಗಿ, ಜಿಪಿಎಸ್ ಗ್ರಾಹಕ ಕೇಳಿಸಿಕೊಳ್ಳುತ್ತದೆಯೇ ಹೊರತು ಏನನ್ನೂ ಕಳಿಸುವುದಿಲ್ಲ. ಬೇಟೆಗಾರನಿಗೆ ತಾನೆಲ್ಲಿದ್ದೇನೆಂದು ಗೊತ್ತಿದ್ದ ಮಾತ್ರಕ್ಕೆ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. 2022ರ ನವೆಂಬರಿನಿಂದ ಐಫೋನ್ 14ರಲ್ಲಿ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸುವ ಸೌಲಭ್ಯ ಅಮೆರಿಕದಲ್ಲಿ ಬಂದಿದೆ, ಅದಕ್ಕೂ ತೆರೆದ ಆಕಾಶ ಬೇಕು, ಮರಗಳ ಕೆಳಗಿನಿಂದ ಹೊರಬರಬೇಕು. ರೇಡಿಯೊದಲ್ಲಿ ಬಾಯಿಮಾತಿನಿಂದ ಸ್ಥಾನ ಹೇಳಬೇಕಾಗಿ ಬಂದಾಗ ಅಂಕಿಗಿಂತ ಮೊದಲು ಅದರ ರೂಪವನ್ನು ಹೇಳಬೇಕು. ದಶಮಾಂಶದಲ್ಲಿ 46.50 ಡಿಗ್ರಿ ಎಂದರೆ 46 ಡಿಗ್ರಿ 30 ನಿಮಿಷ. ಕೇಳಿದವರು ಅದನ್ನು 46 ಡಿಗ್ರಿ 50 ನಿಮಿಷ ಎಂದು ಬರೆದುಕೊಂಡರೆ ರಕ್ಷಣಾ ತಂಡ ಸುಮಾರು 37 ಕಿ.ಮೀ. ಉತ್ತರದ ಇನ್ನೊಂದು ಬೆಟ್ಟದಲ್ಲಿ ಹುಡುಕುತ್ತಿರುತ್ತದೆ.